ಫ್ಲೈವೀಲ್ 'ಫ್ರೀ ಎನರ್ಜಿ' ಜನರೇಟರ್: ದುಡ್ಡು ಕೊಡುವ ಮೊದಲು ಮೀಟರ್ ಹಚ್ಚಿ ನೋಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೊಲಗಳಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲ. ಮನೆಗೆ ಗೃಹಜ್ಯೋತಿ ಇದೆ. ಇಷ್ಟಿದ್ದೂ 'ಪುಕ್ಕಟೆ ಕರೆಂಟ್ ಮಷೀನ್' ಎಂದ ಕೂಡಲೇ ಜನ ನಿಂತು ನೋಡುತ್ತಾರೆ. ಕೊರತೆ ಇರುವುದು ತಾಸಿನದು. ತ್ರೀ ಫೇಸ್ ಪಾಳಿಯ ಮೇಲೆ ಬರುತ್ತದೆ, ರಾತ್ರಿ ಪಾಳಿ ಬಂದರೆ ಹಾವು ಚೇಳಿನ ನಡುವೆ ನೀರು ಹಾಯಿಸಬೇಕು. ದ್ರಾಕ್ಷಿ, ದಾಳಿಂಬೆ ಹಚ್ಚಿದವನಿಗೆ ಬೇಕಾದದ್ದು ತನಗೆ ಬೇಕಾದ ಹೊತ್ತಿಗೆ ಬರುವ ಕರೆಂಟ್. ಈ ಮಷೀನನ್ನು ತೂಗಿ ನೋಡಬೇಕಾದ ತಕ್ಕಡಿಯೂ ಅದೇ.

ಸಾಮಾನ್ಯವಾಗಿ ತೋರಿಸುವ ಮಾದರಿ ಇದು: ಆಂಗಲ್ ಕಬ್ಬಿಣದ ಚೌಕಟ್ಟು, 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್, ಬೆಲ್ಟ್ ಮತ್ತು ಪುಲ್ಲಿ, ನಡುವೆ ಎರಡು ಬೇರಿಂಗ್ ಮೇಲೆ ಕೂತ ಭಾರದ ಚಕ್ರ (ಇದೇ ಫ್ಲೈವೀಲ್), ಅತ್ತ ಕಡೆ ತಿರುಗಿಸಿದರೆ ಕರೆಂಟ್ ಕೊಡುವ 5 ಕೆವಿಎ ಆಲ್ಟರ್ನೇಟರ್. ಮೋಟಾರ್ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಆಲ್ಟರ್ನೇಟರನ್ನು ತಿರುಗಿಸುತ್ತದೆ, ಆಲ್ಟರ್ನೇಟರಿನ ಕರೆಂಟ್ ಮರಳಿ ಮೋಟಾರಿಗೆ ಬಂದು, ಮಿಕ್ಕದ್ದು ನಿಮ್ಮ ಪಂಪಿಗೆ ಎಂಬುದು ಮಾರುವವರ ಮಾತು. ಬಿಡಿಭಾಗಗಳಲ್ಲಿ ಮೋಸವಿಲ್ಲ. ಮೋಸ ಇರುವುದು 'ಮಿಕ್ಕದ್ದು' ಎಂಬ ಮಾತಿನಲ್ಲಿ.

ಚಕ್ರದ ಲೆಕ್ಕ ಮಾಡೋಣ. 60 ಸೆಂ.ಮೀ. ಅಗಲ, 3 ಸೆಂ.ಮೀ. ದಪ್ಪದ ಎರಕದ ಚಕ್ರ ಸುಮಾರು 60 ಕೆಜಿ ತೂಗುತ್ತದೆ. ನಿಮಿಷಕ್ಕೆ 1,500 ಸುತ್ತು ತಿರುಗುವಾಗ ಅದರಲ್ಲಿ ಸೇರಿರುವ ಶಕ್ತಿ 33,000 ಜೂಲ್, ಅಂದರೆ 9 ವ್ಯಾಟ್-ಅವರ್. ಒಂದು ಯೂನಿಟ್ಟಿನ ನೂರನೇ ಪಾಲಿಗೂ ಕಡಿಮೆ. ಚಲೋ ಪಂಪ್ ಇದ್ದರೆ 100 ಮೀಟರ್ ಆಳದ ಬೋರಿನಿಂದ ಒಂದು ಯೂನಿಟ್ಟಿಗೆ ಸುಮಾರು 1,800 ಲೀಟರ್ ನೀರು ಬರುತ್ತದೆ. ಹಾಗಾದರೆ ಆ ಭರ್ಜರಿ ಚಕ್ರದ ಪೂರ್ತಿ ಶಕ್ತಿಗೆ ಮೇಲೆ ಬರುವುದು ಒಂದು ಕೊಡ ನೀರು. ಆಮೇಲೆ ಚಕ್ರ ನಿಂತಿರುತ್ತದೆ.

ಚಕ್ರ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಹಿಡಿದಿಡುತ್ತದೆ ಅಷ್ಟೇ. ಹಗೇವು ದೊಡ್ಡದು ತೋಡಿದರೆ ಜೋಳದ ಇಳುವರಿ ಹೆಚ್ಚುವುದಿಲ್ಲವಲ್ಲ, ಹಾಗೆ. ಆಲ್ಟರ್ನೇಟರಿನ ತಗಡಿನ ಮೇಲೆ ಬರೆದ 5 ಕೆವಿಎಯೂ ಅಷ್ಟೇ. ಅದು ತಾಳಬಲ್ಲ ಮಿತಿ, ತಾನಾಗಿ ಕೊಡುವ ಫಸಲಲ್ಲ. ಲೋಡ್ ಹಾಕಿದಷ್ಟೂ ಆಲ್ಟರ್ನೇಟರ್ ಬಿಗಿಯಾಗುತ್ತ ಹೋಗುತ್ತದೆ. ಅದರ ಕಾಯಿಲ್‌ಗಳಲ್ಲಿ ಹರಿಯುವ ಕರೆಂಟೇ ತಿರುಗುವಿಕೆಗೆ ಎದುರು ನಿಲ್ಲುತ್ತದೆ, ಲೆನ್ಸ್ ನಿಯಮ ಹೇಳುವುದೂ ಇದನ್ನೇ. ಆ ಎದುರೊತ್ತಡವನ್ನು ಮೋಟಾರೇ ತಳ್ಳಬೇಕು.

ದಾರಿಯಲ್ಲಿ ಸೋರಿಕೆ ಬೇರೆ. ಈ ಗಾತ್ರದ ಮೋಟಾರಿನ ದಕ್ಷತೆ ಹೆಚ್ಚೆಂದರೆ ಶೇ. 82 ಎಂದಿಟ್ಟುಕೊಳ್ಳಿ, ಬೆಲ್ಟಿಗೆ 94, ಆಲ್ಟರ್ನೇಟರಿಗೆ ಮತ್ತೆ 82. ಮೂರನ್ನೂ ಗುಣಿಸಿದರೆ 63. ನೂರು ಹಾಕಿದರೆ ಅರವತ್ಮೂರು ಕೈಗೆ. ಅದನ್ನೇ ಮರಳಿ ಮೋಟಾರಿಗೆ ಕೊಟ್ಟರೆ ಎರಡನೇ ಸುತ್ತಿಗೆ ನಲವತ್ತು. ಮೋಟಾರ್ ಮೂರು ಫೇಸಿನದ್ದಾಗಲಿ, ಮ್ಯಾಗ್ನೆಟ್ ಹಚ್ಚಿದ್ದಾಗಲಿ, ಸೋರಿಕೆ ತಗ್ಗಬಹುದು, ನೂರು ದಾಟುವುದಿಲ್ಲ. ನಮ್ಮದೇ ಸವದತ್ತಿಯ ಪಂಪ್ಡ್ ಸ್ಟೋರೇಜ್ ಯೋಜನೆ ನೋಡಿ. ಕರೆಂಟ್ ಹೆಚ್ಚಿರುವ ಹೊತ್ತಿನಲ್ಲಿ ನೀರನ್ನು ಮೇಲಿನ ಕೆರೆಗೆ ಎತ್ತುವುದು, ಬೇಕಾದಾಗ ಇಳಿಸಿ ಟರ್ಬೈನ್ ತಿರುಗಿಸುವುದು ಅದರ ಕೆಲಸ. ಅಷ್ಟು ದೊಡ್ಡ ಯಂತ್ರಗಳ ಇಂಥ ಸ್ಥಾವರಗಳಲ್ಲೂ ಮರಳಿ ಸಿಗುವುದು ಶೇ. 75ರಿಂದ 80. ಉಳಿದದ್ದು ಹೋಯಿತೆಂದು ಅವರೇ ಬರೆದುಕೊಂಡಿರುತ್ತಾರೆ.

ಹಾಗಾದರೆ ವಿಡಿಯೋದಲ್ಲಿ ಪ್ಲಗ್ ಕಿತ್ತ ಮೇಲೂ ಬಲ್ಬ್ ಉರಿಯುತ್ತದಲ್ಲ? ಉರಿಯುತ್ತದೆ. ಬೇರಿಂಗ್, ಬೆಲ್ಟ್, ಗಾಳಿ, ಒಂದಿಷ್ಟು ಎಲ್‌ಇಡಿ ಎಲ್ಲ ಸೇರಿ 300 ವ್ಯಾಟ್ ತಿನ್ನುತ್ತಿದ್ದರೆ ಚಕ್ರದ ವೇಗ ಶೇ. 80ಕ್ಕೆ ಇಳಿಯಲು ಸುಮಾರು 40 ಸೆಕೆಂಡ್ ಬೇಕು. ಅಷ್ಟರಲ್ಲಿ ಕ್ಯಾಮೆರಾ ಬಂದ್. ಅದಕ್ಕಿಂತ ಹೆಚ್ಚು ಹೊತ್ತು ಉರಿದರೆ ಚೌಕಟ್ಟಿನ ತಗಡಿನೊಳಗೆ ಬ್ಯಾಟರಿ ಮತ್ತು ಇನ್ವರ್ಟರ್ ಹುಡುಕಿ. 12 ವೋಲ್ಟ್, 150 ಎಎಚ್‌ನ ಒಂದೇ ಬ್ಯಾಟರಿ 200 ವ್ಯಾಟ್ ಲೋಡನ್ನು ಐದಾರು ತಾಸು ಎಳೆಯುತ್ತದೆ.

ಅಳತೆಯಲ್ಲೂ ಮೂರು ಕೈಚಳಕ ನಡೆಯುತ್ತವೆ. ಒಂದು, ಒಳಗೆ ಹೋಗುವ ಕರೆಂಟ್ ಅಳೆಯುವಾಗ, ತಂತಿಯನ್ನು ಬಾಯಲ್ಲಿ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರಿನ ಬಾಯಿಗೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಸೇರಿಸುವುದು. ಎದುರು ಬದುರು ಹರಿಯುವ ಎರಡೂ ಕಳೆದುಹೋಗಿ ಮೀಟರ್ ಸೊನ್ನೆ ತೋರಿಸುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಎರಡು, ಒಳಗಿನದನ್ನು ವ್ಯಾಟಿನಲ್ಲಿ, ಹೊರಗಿನದನ್ನು ವೋಲ್ಟ್ ಗುಣಿಸು ಆಂಪಿಯರ್ ಎಂದು ಅಳೆಯುವುದು. ಅರೆ ಲೋಡಿನಲ್ಲಿರುವ ಮೋಟಾರಿನ ಪವರ್ ಫ್ಯಾಕ್ಟರ್, ಅಂದರೆ ಆ ಗುಣಲಬ್ಧದಲ್ಲಿ ನಿಜ ಕೆಲಸಕ್ಕೆ ಬರುವ ಪಾಲು, 0.5 ಇದ್ದರೆ 230 ವೋಲ್ಟ್, 10 ಆಂಪಿಯರ್ ಸೇರಿ 2,300 ಎಂದು ಕಂಡರೂ ನಿಜವಾದ ಕೆಲಸ 1,150 ವ್ಯಾಟ್. ಮೂರು, ಲೋಡೇ ಇಲ್ಲದೆ 230 ವೋಲ್ಟ್ ತೋರಿಸಿ '5 ಕೆವಿಎ ಬಂತು' ಎನ್ನುವುದು.

ಸರಿಯಾದ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಡ. ಬಾಡಿಗೆ ಮನೆಗೆ ಹಾಕುವಂಥ ಸಬ್‌ಮೀಟರ್ ಎರಡು ತನ್ನಿ, ಎರಡರ ಮೇಲೂ 3200 ಇಂಪಲ್ಸ್ (ಒಂದು ಯೂನಿಟ್ಟಿಗೆ 3200 ಮಿಟುಕು) ಎಂದಿರಲಿ. ಒಂದು ಮೋಟಾರಿನ ಮುಂದೆ, ಇನ್ನೊಂದು ಆಲ್ಟರ್ನೇಟರಿನ ಹಿಂದೆ. ಲೋಡಿಗೆ 1,000 ವ್ಯಾಟಿನ ನೀರು ಕಾಯಿಸುವ ರಾಡ್ ಅನ್ನು ಬಕೆಟ್‌ ನೀರಿನಲ್ಲಿ ಇಡಿ. ಎಲ್‌ಇಡಿ ಬಲ್ಬ್ ಬೇಡ, ಹತ್ತು ಬಲ್ಬ್ ಉರಿದರೂ 90 ವ್ಯಾಟೇ. ವೇಗ ಒಂದೇ ಸಮವಾದ ಮೇಲೆ ಒಂದು ನಿಮಿಷ ಕೆಂಪು ದೀಪದ ಮಿಟುಕು ಎಣಿಸಿ. ಒಂದು ಮಿಟುಕಿಗೆ ಸುಮಾರು 19 ವ್ಯಾಟ್. ಹಿಂದಿನದು 53 ಮಿಟುಕಿದರೆ ಮುಂದಿನದು 84ರ ಆಸುಪಾಸು ಇರುತ್ತದೆ. ಹಿಂದಿನದು ಮುಂದಿನದಕ್ಕಿಂತ ಹೆಚ್ಚು ಮಿಟುಕಿದರೆ ಮೀಟರ್ ಅದಲು ಬದಲು ಮಾಡಿ ಮತ್ತೆ ಎಣಿಸಿ.

'ಪ್ಲಗ್ ಬೇಕಾಗಿಯೇ ಇಲ್ಲ' ಎನ್ನುವವರಿಗೆ ಇನ್ನೂ ಸರಳ ಪರೀಕ್ಷೆ ಇದೆ. ಮಷೀನನ್ನು ಬಯಲಿಗೆ ತಂದು, ನೆಲದಿಂದ ಎತ್ತಿ ಮರದ ದಿಮ್ಮಿಗಳ ಮೇಲೆ ಇಡಿ, 1 ಕಿಲೋವ್ಯಾಟ್ ಲೋಡ್ ಹಾಕಿ, 72 ತಾಸು ಬಿಡಿ. 72 ತಾಸೇ ಏಕೆಂದರೆ, 200 ಕೆಜಿಯ ಮಷೀನ್ ಪೂರ್ತಿ ಲಿಥಿಯಂ ಬ್ಯಾಟರಿಯೇ ಆಗಿದ್ದರೂ ಅದರಲ್ಲಿ ಹಿಡಿಯುವುದು ಸುಮಾರು 30ರಿಂದ 50 ಯೂನಿಟ್. ಲೋಡ್ 72 ಯೂನಿಟ್ ಕೇಳುತ್ತದೆ. ಬೇರೆ ಯಾವ ಸರ್ಟಿಫಿಕೇಟೂ ಬೇಡ.

ಕಟ್ಟುವಿಕೆಯ ವಿಷಯದಲ್ಲೂ ದೂರು ಇದೆ, ಇದು ಜೀವದ ಮಾತು. 60 ಸೆಂ.ಮೀ. ಚಕ್ರದ ಅಂಚು 1,500 ಸುತ್ತಿನಲ್ಲಿ ಸೆಕೆಂಡಿಗೆ 47 ಮೀಟರ್ ಓಡುತ್ತದೆ, ತಾಸಿಗೆ 170 ಕಿ.ಮೀ. ಎರಕದ ಕಬ್ಬಿಣದ ಚಕ್ರಗಳಿಗೆ ಹಿಂದಿನಿಂದ ಪಾಲಿಸುತ್ತ ಬಂದ ಮಿತಿ ಸುಮಾರು 30 ಮೀಟರ್. ಬ್ಯಾಲೆನ್ಸಿಂಗ್ ಮಾಡದ, ಅಂಚಿಗೆ ತುಂಡು ಬೆಸುಗೆ ಹಾಕಿ ತೂಕ ಕೂಡಿಸಿದ ಚಕ್ರ ಸಿಡಿದರೆ ತಗಡಿನ ಮುಚ್ಚಳ ತಡೆಯುವುದಿಲ್ಲ. ಇಷ್ಟು ಭಾರ ಎತ್ತಿಕೊಂಡು ವೇಗ ಹಿಡಿಯಲು ಮೋಟಾರಿಗೆ ಅರ್ಧ ನಿಮಿಷದ ಮೇಲೆ ಬೇಕು. ಸ್ಟಾರ್ಟಿಂಗ್ ಕೆಪಾಸಿಟರ್ ಮಾಡಿರುವುದು ಕೆಲವೇ ಸೆಕೆಂಡಿನ ಕೆಲಸಕ್ಕೆ, ಹಾಗಾಗಿ ಮೊದಲು ಢಂ ಅನ್ನುವುದು ಅದೇ.

ಆಸೆಯನ್ನು ನಗೆಯಾಡುವಂತಿಲ್ಲ. ಕ್ರಿ.ಶ. 1150ರಷ್ಟು ಹಿಂದೆಯೇ ಭಾಸ್ಕರಾಚಾರ್ಯ ಪೊಳ್ಳು ಕಡ್ಡಿಗಳಲ್ಲಿ ಅರ್ಧ ಪಾದರಸ ತುಂಬಿದ, ತಾನೇ ತಿರುಗುವ ಚಕ್ರವನ್ನು ವರ್ಣಿಸಿದ್ದ. ಅವನ ಊರು ವಿಜಯಪುರವೇ ಎಂಬ ವಾದವೂ ಉಂಟು, ಅಲ್ಲವೆನ್ನುವವರೂ ಉಂಟು. ನಮ್ಮ ಕಾಲಕ್ಕೆ ಬಂದರೆ ಕೈಗಾ ಯೋಜನೆಯ ಹಿರಿಯ ಎಂಜಿನಿಯರ್ ಆಗಿದ್ದ ಪರಮಹಂಸ ತಿವಾರಿಯವರೂ ಹಾಕಿದ್ದಕ್ಕಿಂತ ಹೆಚ್ಚು ಕೊಡುವ ಜನರೇಟರ್ ಮಾಡಿದ್ದೇವೆ ಎಂದಿದ್ದರು. ದೊಡ್ಡ ಬುದ್ಧಿಯವರು, ನಿಜ. ಆದರೆ ವಿಜ್ಞಾನಲೋಕ ಅದನ್ನು ಒಪ್ಪಲಿಲ್ಲ, ಯಾವ ಊರಿನ ಫೀಡರಿಗೂ ಅದು ಕರೆಂಟ್ ಕೊಡಲಿಲ್ಲ.

ಹಗಲು ನೀರು ಬೇಕು ಎನ್ನುವವರಿಗೆ ಬಿಸಿಲೇ ಇದೆ. ಪಿಎಂ-ಕುಸುಮ್‌ನ ಸೋಲಾರ್ ಪಂಪಿಗೆ ಕೇಂದ್ರ ಶೇ. 30, ರಾಜ್ಯ ಶೇ. 50 ಕೊಡುತ್ತದೆ, ರೈತನ ಪಾಲು 20. 5 ಎಚ್‌ಪಿಗೆ 4,800 ವ್ಯಾಟಿನ ಪ್ಯಾನಲ್ ಬೇಕು. ಅದಕ್ಕೂ ಕುಂದು ಇದೆ: ಮೋಡ ಬಂದರೆ ನೀರು ಸಣ್ಣಗಾಗುತ್ತದೆ, ಬೇಸಿಗೆಯ ಧೂಳು ಒರೆಸುತ್ತಿರಬೇಕು, ಕೃಷಿಹೊಂಡ ಇಲ್ಲದಿದ್ದರೆ ಅರ್ಧ ಉಪಯೋಗ ಹೋಯಿತು. ಆದರೆ ಅಲ್ಲಿ ಬರುವ ಶಕ್ತಿ ಹೊರಗಿನಿಂದ ಬರುತ್ತಿದೆ, ಕಣ್ಣಿಗೆ ಕಾಣುತ್ತಿದೆ.

ಈಗಾಗಲೇ ದುಡ್ಡು ಕೊಟ್ಟು ಮಷೀನ್ ತಂದು ನಿಲ್ಲಿಸಿದವರು ಗುಜರಿಗೆ ಹಾಕಬೇಡಿ. ಚಕ್ರ ಕಳಚಿ ಬದಿಗಿಡಿ. ಆಲ್ಟರ್ನೇಟರನ್ನು ಟ್ರ್ಯಾಕ್ಟರಿನ ಪಿಟಿಒಗೆ, ಅಂದರೆ ಹಿಂಬದಿಯಲ್ಲಿ ತಿರುಗುವ ದಂಡಕ್ಕೆ, ಬೆಲ್ಟಿನಿಂದ ಜೋಡಿಸಬಹುದು. ಪಿಟಿಒ ನಿಮಿಷಕ್ಕೆ 540 ಸುತ್ತು, ಆಲ್ಟರ್ನೇಟರಿಗೆ ಬೇಕಾದದ್ದು 1,500. ಪಿಟಿಒ ಕಡೆ 14 ಇಂಚಿನ ಪುಲ್ಲಿ, ಇತ್ತ 5 ಇಂಚಿನದು ಹಾಕಿದರೆ 1,512 ಬರುತ್ತದೆ. 4 ಕಿಲೋವ್ಯಾಟ್ ತೆಗೆಯಲು 8 ಎಚ್‌ಪಿ ಸಾಕು, ಡೀಸೆಲ್ ಖರ್ಚು ಮಾತ್ರ ನಿಮ್ಮದೇ. ಬೆಲ್ಟಿಗೆ ಗಾರ್ಡ್ ಹಾಕಿ, ಮೊದಲು ಲೋಡ್ ಇಲ್ಲದೆ ಓಡಿಸಿ, ಮೀಟರಿನಲ್ಲಿ 50 ಹರ್ಟ್ಸ್ ನಿಂತ ಮೇಲೆ ಪಂಪಿನ ಸ್ವಿಚ್ ಹಾಕಿ.