ಕೋಲಾರದಿಂದ ಕಲ್ಲುಮರ ನೋಡಲು: ತಿರುವಕ್ಕರೈಯೋ, ಸಾತನೂರೋ?

ಮಕ್ಕಳಿಗೆ ಪಳೆಯುಳಿಕೆ ತೋರಿಸಬೇಕು ಅಂತ ಅಂತರಗಂಗೆ ಬೆಟ್ಟ ಹತ್ತಿ ಹುಡುಕಿದರೆ ಸುಮ್ನೆ ಕಾಲು ನೋವು. ಚಿನ್ನ ಸಿಕ್ಕ ನಮ್ಮ ಕೆಜಿಎಫ್ ಕಲ್ಲುಗಳಿಗೆ ಸುಮಾರು 270 ಕೋಟಿ ವರ್ಷ, ಆಗ ಭೂಮಿಯಲ್ಲಿ ಮರವೂ ಇರಲಿಲ್ಲ, ಮೀನೂ ಇರಲಿಲ್ಲ, ಬರೀ ಸೂಕ್ಷ್ಮಜೀವಿಗಳು. ಹಾಗಾಗಿ ಕಲ್ಲುಮರ, ಅಂದರೆ ಕಲ್ಲಾಗಿ ಹೋದ ಹಳೇ ಮರ ನೋಡಲು ತಮಿಳುನಾಡಿಗೇ ಹೋಗಬೇಕು.

ತಿರುವಕ್ಕರೈ ವಿಲ್ಲುಪುರಂ ಜಿಲ್ಲೆಯಲ್ಲಿದೆ. ಕೃಷ್ಣಗಿರಿ, ತಿರುವಣ್ಣಾಮಲೈ ದಾರಿಯಲ್ಲಿ ಹೋಗಬಹುದು, ಜೊತೆಗೆ ದೇವರ ದರ್ಶನವೂ ಆಗುತ್ತದೆ. ಇಲ್ಲಿ ದೊಡ್ಡ ದೊಡ್ಡ ದಿಮ್ಮಿಗಳು ಬಯಲಲ್ಲೇ ಬಿದ್ದಿವೆ, ಸುಮಾರು 2 ಕೋಟಿ ವರ್ಷ ಹಳೆಯವು. ಮಣ್ಣಲ್ಲಿ ಹೂತ ಮರದೊಳಗೆ ನೀರು ಇಳಿದು, ಆ ನೀರಿನಲ್ಲಿ ಕರಗಿದ್ದ ಸಿಲಿಕಾ (ಮರಳಿನಲ್ಲಿರುವ ಖನಿಜ) ಮರದ ಜಾಗದಲ್ಲಿ ಕೂತು ಕಲ್ಲಾಗಿದೆ, ಆದರೂ ಮರದ ಎಳೆ ಹಾಗೇ ಕಾಣುತ್ತದೆ! ಒಂದಕ್ಕೂ ಬೇರಿಲ್ಲ, ಕೊಂಬೆಯಿಲ್ಲ. ಅಂದರೆ ಇವು ಅಲ್ಲೇ ಬೆಳೆದವಲ್ಲ, ಪ್ರವಾಹದಲ್ಲಿ ತೇಲಿ ಬಂದವು. ಇದನ್ನು ಮಕ್ಕಳ ಬಾಯಿಂದಲೇ ಹೇಳಿಸಬಹುದು, ಅಲ್ವಾ?

ಸಾತನೂರು ಇನ್ನೂ ದೂರ, ಪೆರಂಬಲೂರು ಕಡೆ. ಅಣೆಕಟ್ಟಿನ ಸಾತನೂರು ಬೇರೆ, ಮ್ಯಾಪಿನಲ್ಲಿ ಮೋಸ ಹೋಗಬೇಡಿ. ನೋಡಲು ಮುಖ್ಯವಾಗಿ ಒಂದೇ ಮರ, ಆದರೆ 18 ಮೀಟರ್ ಉದ್ದ, ಡೈನೋಸಾರ್ ಕಾಲದ್ದು. ಸುತ್ತಲಿನ ಅರಿಯಲೂರು ಸೀಮೆಯ ಕಲ್ಲುಗಳಲ್ಲಿ ಅಮೋನೈಟ್ ಎಂಬ ಸುರುಳಿ ಚಿಪ್ಪಿನ ಕಡಲಜೀವಿಗಳ ಪಳೆಯುಳಿಕೆ ಸಿಕ್ಕಿವೆ, ಅಂದರೆ ಒಂದು ಕಾಲಕ್ಕೆ ಸಮುದ್ರ ಅಲ್ಲಿಯವರೆಗೂ ಬಂದಿತ್ತು.

ಚಿಕ್ಕ ಮಕ್ಕಳಿದ್ದರೆ ಕಣ್ಣು ಮುಚ್ಚಿ ತಿರುವಕ್ಕರೈ ಆರಿಸಿ. ಹೈಸ್ಕೂಲು ದಾಟಿದವರು, ಸಮುದ್ರದ ಕಥೆಯಲ್ಲಿ ಆಸಕ್ತಿ ಜಾಸ್ತಿ ಇರುವವರು ಎರಡು ದಿನ ಇಟ್ಟುಕೊಂಡು ಸಾತನೂರಿಗೆ ಹೋಗಿ. ಎರಡೂ ಕಡೆ ಚೂರನ್ನು ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ.