ಹಳೇ ಮೌಸರ್‌ನ ಸೆಟ್ ಟ್ರಿಗರ್ ಮತ್ತೆ ಕೆಲಸ ಮಾಡ್ತಿದೆ!

ಜರ್ಮನೀಲಿ ಲೈಸೆನ್ಸ್ ಇಟ್ಕೊಂಡು ಬೇಟೆ ಆಡೋ ಕನ್ನಡದವ್ರು ಕಮ್ಮಿ, ಆದ್ರೂ ಬರೀತೀನಿ. ನನ್ನ ಹತ್ರ ಜರ್ಮನಿಯ ಮೌಸರ್ 98 ಆಕ್ಷನ್ (ಗುಂಡು ತುಂಬಿ ಹಾರಿಸೋ ಯಂತ್ರಭಾಗ) ಮೇಲೆ ಕಟ್ಟಿರೋ ಹಳೇ ರೈಫಲ್ ಇದೆ, ಡಬಲ್ ಟ್ರಿಗರ್‌ದು. ಹಿಂದಿನ ಟ್ರಿಗರ್ ಎಳೆದ್ರೆ ಟಕ್ ಅಂತ ಸ್ಪ್ರಿಂಗ್ ಬಿಗಿಯಾಗಿ ಕೊಕ್ಕೆಗೆ ಕೂತ್ಕೊಳುತ್ತೆ (ಇದೇ ಸೆಟ್ ಆಗೋದು), ಆಮೇಲೆ ಮುಂದಿನದಕ್ಕೆ ಬೆರಳು ತಾಕಿಸಿದ್ರೆ ಸಾಕು, ರೈಫಲ್ ಅಲುಗಾಡೋದೇ ಇಲ್ಲ.

ನಂದು ಸೆಟ್ ಆಗಿ ನಿಲ್ತಾನೇ ಇರ್ಲಿಲ್ಲ, ಬೋಲ್ಟ್ (ಗುಂಡು ಒಳಗೆ ತಳ್ಳಿ ಮುಚ್ಚೋ ಭಾಗ) ಸ್ವಲ್ಪ ಜೋರಾಗಿ ಹಾಕಿದ್ರೂ ತಾನೇ ಬಿಟ್ಕೊಳ್ತಿತ್ತು, ಅದು ಎಷ್ಟು ಅಪಾಯ ಅಂತ ಹೇಳ್ಬೇಕಾಗಿಲ್ಲ. ಎರಡು ಅಂಗಡೀಲಿ ಈ ಪಾರ್ಟ್ ಈಗ ಬರಲ್ಲ, ಹೊಸ ಸಿಂಗಲ್ ಟ್ರಿಗರ್ ಹಾಕ್ಸಿ ಅಂದ್ಬಿಟ್ರು. ಬೇಜಾರಾಯ್ತು.

ಕೊನೆಗೆ ಬವೇರಿಯಾದ ಒಂದು ಹಳ್ಳೀಲಿ ವಯಸ್ಸಾದ ಗನ್‌ಸ್ಮಿತ್ ಒಬ್ರು ಸಿಕ್ರು. ಎಲ್ಲಾ ಬಿಚ್ಚಿ, ಭೂತಗನ್ನಡಿ ಕೈಗೆ ಕೊಟ್ಟು ತೋರಿಸಿದ್ರು: ಕೊಕ್ಕೆಯ ಅಂಚು ಸವೆದು ದುಂಡಗಾಗಿತ್ತು, ಪಟ್ಟಿ ಸ್ಪ್ರಿಂಗಲ್ಲಿ ಕೂದಲಷ್ಟು ಸಣ್ಣ ಬಿರುಕು. ಹೊಸ ಸ್ಪ್ರಿಂಗ್ ಉಕ್ಕಿನಿಂದ ತಾವೇ ಅರದಲ್ಲಿ ಉಜ್ಜಿ ಮಾಡಿ, ಕಾಯಿಸಿ ಎಣ್ಣೇಲಿ ಅದ್ದಿ, ಮತ್ತೆ ನೀಲಿ ಬಣ್ಣ ಬರೋವರ್ಗೂ ಕಾಯಿಸಿ ಹದ ಮಾಡಿದ್ರು, ಕೊಕ್ಕೆಯನ್ನ ಸಾಣೆಕಲ್ಲಲ್ಲಿ ತೀಡಿದ್ರು. ಎರಡು ಟ್ರಿಗರ್ ಮಧ್ಯದ ಪುಟ್ಟ ಸ್ಕ್ರೂ ಅಡ್ಜಸ್ಟ್ ಮಾಡಿ, ಖಾಲಿ ರೈಫಲ್ ಸೆಟ್ ಮಾಡಿ ಹೆಗಲಿಗೆ ಒರಗಿಸೋ ಹಿಂಭಾಗಕ್ಕೆ ರಬ್ಬರ್ ಸುತ್ತಿಗೇಲಿ ಹೊಡೆದ್ರು. ಬಿಡ್ಲಿಲ್ಲ! ಸೆಟ್ ಆದ್ಮೇಲೆ ಮುಂದಿನ ಟ್ರಿಗರ್ ಎಳೆಯೋಕೆ ಬೇಕಾದ ಭಾರ ಅಳೆದಾಗ 250 ಗ್ರಾಂ ಬಂತು.

ಆರು ವಾರ ಕಾಯ್ಬೇಕಾಯ್ತು, ಫೋನೂ ಸರಿಯಾಗಿ ಎತ್ತಲ್ಲ. ಪರವಾಗಿಲ್ಲ, ಹಳೇದನ್ನ ಕಿತ್ತು ಬಿಸಾಕ್ದೆ ಉಳಿಸಿಕೊಟ್ರಲ್ಲ, ಐದಕ್ಕೆ ಐದು. ಇಂಥದ್ದು ಇರೋವ್ರು ಒಂದು ನೆನಪಿಡಿ, ಸೆಟ್ ಮಾಡಿ ಹೊಡೀಲಿಲ್ಲ ಅಂದ್ರೆ ಮೂತಿ ಸೇಫ್ ಕಡೆ ಇಟ್ಟು ಮೊದ್ಲು ಬೋಲ್ಟ್ ತೆಗೀರಿ, ಆಮೇಲೇ ಟ್ರಿಗರ್‌ನ ಸೆಟ್ ಇಳಿಸಿ.