ಒಂಟಿ ಕಾಗದದ ಗಿರಾಕಿ ಬರೆದ ಅಂಚೆ ವಿಮರ್ಶೆ

ಅಂಕ ಮೊದಲೇ ಹೇಳಿಬಿಡುತ್ತೇನೆ: ಐದರಲ್ಲಿ ಪಾರ್ಸೆಲ್‌ಗೆ ಮೂರೂವರೆ, ಮಾಮೂಲಿ ಕಾಗದಕ್ಕೆ ಎರಡು, ದೂರಿಗೆ ಸಿಗುವ ಉತ್ತರಕ್ಕೆ ಒಂದು. ಇದು ಯಾವುದೋ ಒಂದು ಕಂಪನಿಗೆ ಕೊಟ್ಟ ಅಂಕ ಅಲ್ಲ. ಕೆಲಸದ ಮೇಲೆ ಹಲವು ದೇಶಗಳ ವಿಳಾಸಗಳಿಗೆ ದಾಖಲೆ, ಪುಸ್ತಕ, ಸಣ್ಣ ಪೊಟ್ಟಣ ಕಳಿಸುತ್ತ, ಅಲ್ಲಿಂದ ತರಿಸಿಕೊಳ್ಳುತ್ತ ವರ್ಷಗಳೇ ಕಳೆದಿವೆ. ಅಂಚೆ ಎಂದರೆ ಸರ್ಕಾರದ್ದು ಮಾತ್ರ ಎನ್ನುವ ಕಾಲವನ್ನೂ ಕಂಡಿದ್ದೇನೆ, ಪರವಾನಗಿ ಇದ್ದವರು ಯಾರಾದರೂ ಕಾಗದ ಹಂಚಬಹುದು ಎನ್ನುವ ಕಾಲವನ್ನೂ ಕಾಣುತ್ತಿದ್ದೇನೆ. ವಿಮರ್ಶೆ ಈ ಎರಡನೆಯದರದ್ದು, ಅಂದರೆ ಸ್ಪರ್ಧೆಗೆ ತೆರೆದಿಟ್ಟ ಅಂಚೆಯದ್ದು. ವ್ಯಾನಿನ ಬಣ್ಣ ಒಂದೊಂದು ಕಡೆ ಒಂದೊಂದು, ಗಿರಾಕಿಯ ಪಾಡು ಬಹುಮಟ್ಟಿಗೆ ಒಂದೇ.

ಮೊದಲು ಕಾಗದ. ಅಂಚೆಚೀಟಿಗೆ ಕೊಡುವ ದುಡ್ಡೆಲ್ಲ ಸಾಗಣೆಗೆ ಹೋಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಿಲ್ಲ ಎಂದು ಬ್ರಿಟನ್ನಿನ ರೋಲೆಂಡ್ ಹಿಲ್ 1837ರಲ್ಲೇ ಲೆಕ್ಕ ಹಾಕಿ ತೋರಿಸಿದರು. ಊರಿಂದೂರಿಗೆ ಕಾಗದ ಒಯ್ಯುವ ಖರ್ಚು ಚಿಲ್ಲರೆ, ವಿಂಗಡಿಸಿ ಮನೆಮನೆಗೆ ಮುಟ್ಟಿಸಿ ದುಡ್ಡು ವಸೂಲು ಮಾಡುವುದೇ ದೊಡ್ಡ ಖರ್ಚು ಎನ್ನುವುದು ಅವರ ವಾದ. ಆ ವಾದ ಗೆದ್ದು 1840ರಲ್ಲಿ ಅರ್ಧ ಔನ್ಸಿನ ಕಾಗದಕ್ಕೆ, ದೂರ ಎಷ್ಟೇ ಇರಲಿ, ಒಂದೇ ಪೆನ್ನಿ ಆಯಿತು. ಲೆಕ್ಕ ಇವತ್ತಿಗೂ ಬದಲಾಗಿಲ್ಲ. ಅಂಚೆಯವರು ಒಂದು ಬೀದಿಗೆ ಬಂದ ಮೇಲೆ ಹತ್ತು ಕಾಗದ ಹಾಕಿದರೂ ನಡಿಗೆ ಅಷ್ಟೇ, ಒಂದು ಹಾಕಿದರೂ ಅಷ್ಟೇ. ಕಾಗದ ಕಮ್ಮಿಯಾದಷ್ಟೂ ಒಂದೊಂದರ ಮೇಲೆ ಬೀಳುವ ಖರ್ಚು ಏರುತ್ತದೆ. ಬ್ರಿಟನ್ನಿನಲ್ಲಿ 2012ರಲ್ಲಿ 60 ಪೆನ್ಸ್ ಇದ್ದ ಮೊದಲ ದರ್ಜೆಯ, ಅಂದರೆ ಬೇಗ ಮುಟ್ಟಿಸುವ ಕಾಗದದ ಚೀಟಿ 2025ರ ಏಪ್ರಿಲಿಗೆ 1.70 ಪೌಂಡ್ ಆದದ್ದನ್ನು ನೋಡಿದಾಗ ಇದನ್ನು ನೆನಪಿಟ್ಟುಕೊಳ್ಳಬೇಕು. ದುರಾಸೆ ಎಷ್ಟು, ಲೆಕ್ಕ ಎಷ್ಟು ಎಂದು ಬಿಡಿಸಿ ನೋಡುವುದಕ್ಕೇ ನಿಯಂತ್ರಕ ಬೇಕಾಗುವುದು.

ಸ್ಪರ್ಧೆ ಬಂದರೆ ದರ ಇಳಿಯುತ್ತದೆ ಎಂದಿದ್ದರಲ್ಲ? ಸ್ವೀಡನ್ 1993ರಲ್ಲಿ ಏಕಸ್ವಾಮ್ಯ ತೆಗೆಯಿತು, ನ್ಯೂಜಿಲೆಂಡ್ 1998ರಲ್ಲಿ, ಬ್ರಿಟನ್ 2006ರಲ್ಲಿ, ಜರ್ಮನಿ 2008ರ ಮೊದಲ ದಿನ. ಯುರೋಪಿಯನ್ ಒಕ್ಕೂಟ 1997ರಲ್ಲಿ ಹೊರಡಿಸಿದ ನಿರ್ದೇಶನವನ್ನು 2008ರಲ್ಲಿ ಇನ್ನಷ್ಟು ಬಿಗಿ ಮಾಡಿ ಉಳಿದ ಸದಸ್ಯ ದೇಶಗಳನ್ನೂ ಅದೇ ದಾರಿಗೆ ತಂದಿತು. ಇಷ್ಟಾದ ಮೇಲೂ ಒಂದೇ ಒಂದು ಕಾಗದ ಹಿಡಿದು ಹೊರಟ ನನಗೆ ಎರಡು ಪೆಟ್ಟಿಗೆ ಪಕ್ಕಪಕ್ಕ ಇದ್ದು, ಯಾವುದಕ್ಕೆ ಹಾಕಲಿ ಅಂತ ಯೋಚಿಸುವ ಪ್ರಸಂಗ ಬಂದೇ ಇಲ್ಲ. ಹೊಸಬರು ಹೋದದ್ದು ದುಡ್ಡಿರುವ ಕಡೆಗೆ: ಬ್ಯಾಂಕಿನ ಸ್ಟೇಟ್‌ಮೆಂಟು, ವಿದ್ಯುತ್ ಬಿಲ್ಲು, ಜಾಹೀರಾತಿನ ಕಟ್ಟು. ಸ್ಟಾಕ್‌ಹೋಮಿನಲ್ಲಿ ಶುರುವಾದ ಸಿಟಿಮೇಲ್ ಮೊದಲೇ ವಿಂಗಡಿಸಿಟ್ಟ ಸಗಟು ಟಪಾಲನ್ನೇ ನೆಚ್ಚಿಕೊಂಡು ಬೆಳೆಯಿತು. ಅದರಲ್ಲಿ ತಪ್ಪೇನಿಲ್ಲ, ವ್ಯಾಪಾರ ಅಂದಮೇಲೆ ಹಾಗೇ. ಆದರೆ ಅದನ್ನು ಗಿರಾಕಿಗೆ ಸಿಕ್ಕ ಆಯ್ಕೆ ಎಂದು ಹೇಳಿಕೊಳ್ಳುವವರು ಯಾವ ಗಿರಾಕಿ ಎಂದೂ ಹೇಳಬೇಕು.

ಬ್ರಿಟನ್ನಿನ ಏರ್ಪಾಡು ಸ್ವಲ್ಪ ಹತ್ತಿರದಿಂದ ನೋಡಲು ಯೋಗ್ಯ. ಅಲ್ಲಿ ಖಾಸಗಿಯವರು ದೊಡ್ಡ ಕಂಪನಿಗಳಿಂದ ಟಪಾಲು ಎತ್ತಿ, ತಮ್ಮ ಯಂತ್ರದಲ್ಲಿ ವಿಂಗಡಿಸಿ, ಕೊನೆಯ ಬಟವಾಡೆಗೆ ಅಲ್ಲಿನ ಹಳೆಯ ಅಂಚೆ ಸಂಸ್ಥೆ ರಾಯಲ್ ಮೇಲ್ ಕೈಗೇ ಒಪ್ಪಿಸುತ್ತಾರೆ. ಅದಕ್ಕೆ ರಾಯಲ್ ಮೇಲ್ ಸಗಟು ದರ ಹಾಕುತ್ತದೆ. ಲಕೋಟೆಯ ಮೇಲೆ ಯಾರದೋ ಮುದ್ರೆ ಇರುತ್ತದೆ, ಬಾಗಿಲಿಗೆ ಬರುವವರು ಮಾತ್ರ ಹಳೆಯ ಅಂಚೆಯವರೇ. ಇದನ್ನು ಮೀರಿ, ಬಟವಾಡೆಯನ್ನೂ ತಾನೇ ಮಾಡುತ್ತೇನೆ ಎಂದು ಟಿಎನ್‌ಟಿ ಪೋಸ್ಟ್ 2012ರಲ್ಲಿ ಲಂಡನ್ನಿನ ಪಶ್ಚಿಮ ಭಾಗದಲ್ಲಿ ಶುರು ಮಾಡಿತು. ಮುಂದೆ ವಿಸಲ್ ಎಂದು ಹೆಸರು ಬದಲಿಸಿಕೊಂಡದ್ದು ಇದೇ ಕಂಪನಿ. 2014ರ ಆರಂಭದಲ್ಲಿ ರಾಯಲ್ ಮೇಲ್ ಸಗಟು ದರಗಳಿಗೆ ಒಂದು ಬದಲಾವಣೆ ಪ್ರಕಟಿಸಿತು. ಕೆಲವು ಊರುಗಳಲ್ಲಿ ತಾವೇ ಹಂಚಿ, ಉಳಿದ ಊರುಗಳಿಗೆ ಮಾತ್ರ ಅದರ ನೆರವು ಕೇಳುವವರಿಗೆ ದರ ಜಾಸ್ತಿ ಬೀಳುವಂಥ ಬದಲಾವಣೆ ಅದು. ದೂರು ಹೋಯಿತು, ವಿಚಾರಣೆ ಶುರುವಾಯಿತು, ದರ ಜಾರಿಗೆ ಬರುವ ಮೊದಲೇ ತಡೆ ಬಿತ್ತು. ಆದರೆ ವಿಸಲ್‌ಗೆ ಬಂಡವಾಳ ಹಾಕಲು ಬಂದವರು ಹಿಂದೆ ಸರಿದರು, 2015ರಲ್ಲಿ ಅದರ ಮನೆಬಾಗಿಲ ಬಟವಾಡೆ ನಿಂತುಹೋಯಿತು. ನಿಯಂತ್ರಕ ಸಂಸ್ಥೆ ಆಫ್‌ಕಾಮ್ ರಾಯಲ್ ಮೇಲ್‌ಗೆ 5 ಕೋಟಿ ಪೌಂಡ್ ದಂಡ ಹಾಕಿದ್ದು 2018ರಲ್ಲಿ. ನ್ಯಾಯಮಂಡಳಿಯೂ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿದವು. ತೀರ್ಪು ಸರಿಯಾಗಿಯೇ ಇದೆ. ಅದು ಬರುವಷ್ಟರಲ್ಲಿ ಸ್ಪರ್ಧಿಯೇ ಇರಲಿಲ್ಲ, ಅಷ್ಟೇ.

ಜರ್ಮನಿಯದ್ದು ಇನ್ನೊಂದು ವರಸೆ. ಏಕಸ್ವಾಮ್ಯ ಮುಗಿದ ದಿನವೇ ಕಾಗದ ಹಂಚುವವರಿಗೆ ಕನಿಷ್ಠ ಕೂಲಿ ಜಾರಿಗೆ ಬಂತು, ಪಶ್ಚಿಮದ ರಾಜ್ಯಗಳಲ್ಲಿ ಗಂಟೆಗೆ 9.80 ಯೂರೊವರೆಗೆ. ಕೂಲಿ ಕಮ್ಮಿ ಕೊಟ್ಟು ದರ ಇಳಿಸುವ ಲೆಕ್ಕದಲ್ಲಿ ಕಣಕ್ಕಿಳಿದಿದ್ದ ಪಿನ್ ಗ್ರೂಪ್‌ಗೆ ಅದರ ದೊಡ್ಡ ಪಾಲುದಾರ, ಪತ್ರಿಕಾ ಸಂಸ್ಥೆ ಆಕ್ಸೆಲ್ ಸ್ಪ್ರಿಂಗರ್, ಹಣ ಹಾಕುವುದನ್ನೇ ನಿಲ್ಲಿಸಿತು. ಆ ಕೂಲಿ ಆದೇಶ ಕಾನೂನಿಗೆ ಸರಿಯಾಗಿ ಹೊರಬಿದ್ದಿಲ್ಲ ಎಂದು ಅಲ್ಲಿನ ನ್ಯಾಯಾಲಯ 2010ರಲ್ಲಿ ಹೇಳಿತು. ನನಗೆ ಇಲ್ಲಿ ಎರಡು ಮನಸ್ಸು. ಮಳೆಯಲ್ಲಿ ಚೀಲ ಹೊತ್ತು ತಿರುಗುವವರ ಸಂಬಳ ಕಡಿದು ನನಗೆ ನಾಲ್ಕು ಕಾಸು ಉಳಿಸಿಕೊಡುವ ಸ್ಪರ್ಧೆ ನನಗೂ ಬೇಡ. ಹಾಗಂತ ಕೂಲಿಯ ಹೆಸರು ಹೇಳಿ ಬಾಗಿಲು ಹಾಕುವುದೂ ನೇರ ನಡೆ ಅನಿಸುವುದಿಲ್ಲ.

ಇನ್ನು ಸಮಯಕ್ಕೆ ಮುಟ್ಟುವ ವಿಚಾರ. ನನ್ನ ಅನುಭವದಲ್ಲಿ ಬಹುಪಾಲು ಕಾಗದ ಹೇಳಿದ ದಿನಕ್ಕೇ ತಲುಪುತ್ತದೆ. ನಿದ್ದೆ ಕೆಡಿಸುವುದು ತಲುಪದೇ ಉಳಿದದ್ದು. ಒಮ್ಮೆ ಸಹಿ ಮಾಡಿದ ಒಪ್ಪಂದವೊಂದು ಗಡುವು ದಾಟಿ, ಮೂಲೆ ಮುದುರಿ, ಮೇಲೆ ಎರಡೆರಡು ಮೊಹರು ಹೊತ್ತು ಬಂತು. ವಿಚಾರಿಸಿದರೆ ಆ ತಿಂಗಳ ಸಾಧನೆ ಗುರಿಗಿಂತ ಮೇಲಿದೆ, ಅಂದರೆ ನೂರಕ್ಕೆ ಇಷ್ಟು ಕಾಗದ ಹೇಳಿದ ದಿನಕ್ಕೆ ಮುಟ್ಟಬೇಕು ಎಂಬ ಲೆಕ್ಕ ದಾಟಿದ್ದೇವೆ, ಎಂಬ ಉತ್ತರ ಬಂತು. ಇರಬಹುದು. ನಾಲ್ಕು ದಿನ ತಡವಾದರೂ ನಲವತ್ತು ದಿನ ತಡವಾದರೂ ಆ ಶೇಕಡಾ ಲೆಕ್ಕದಲ್ಲಿ ಎರಡೂ ಒಂದೇ ತಪ್ಪು. ಒಮ್ಮೆ ಗುರಿ ತಪ್ಪಿದ ಕಾಗದವನ್ನು ಬೇಗ ಮುಟ್ಟಿಸಿ ಕಂಪನಿಗೆ ಆಗಬೇಕಾದ್ದೇನೂ ಇಲ್ಲ, ಇವತ್ತಿನ ಹೊಸ ಕಾಗದ ಮುಟ್ಟಿಸಿದರೆ ಅಂಕ ಬರುತ್ತದೆ. ಈ ಅಂಕ ಲೆಕ್ಕ ಹಾಕಲು ಗುಟ್ಟಾಗಿ ಪರೀಕ್ಷಾ ಲಕೋಟೆಗಳನ್ನು ಬಿಡುತ್ತಾರೆ. ಕೆಲವು ಏರ್ಪಾಡುಗಳಲ್ಲಿ ಒಳಗೆ ಕಾಗದದಷ್ಟೇ ತೆಳ್ಳಗಿನ ರೇಡಿಯೊ ಚಿಪ್ ಇರುತ್ತದೆ, ವಿಂಗಡಣಾ ಕೇಂದ್ರದ ಬಾಗಿಲು ದಾಟಿದ ಹೊತ್ತು ತಾನಾಗಿ ದಾಖಲಾಗುತ್ತದೆ. ಯುರೋಪಿನಲ್ಲಿ ಹೀಗೆ ಅಳೆಯುವುದಕ್ಕೆ ಇಎನ್ 13850 ಎಂಬ ಮಾನಕವೇ ಇದೆ. ಅಳತೆ ಪ್ರಾಮಾಣಿಕವಾಗಿಯೇ ಇರುತ್ತದೆ. ಏನನ್ನು ಅಳೆಯಬೇಕು ಎನ್ನುವುದರಲ್ಲೇ ಎಡವಟ್ಟು.

ಅದಕ್ಕೇ 2025ರ ಜುಲೈನಲ್ಲಿ ಆಫ್‌ಕಾಮ್ ಮಾಡಿದ ಬದಲಾವಣೆಯಲ್ಲಿ ಪತ್ರಿಕೆಗಳು ಎತ್ತಿ ಬರೆದದ್ದು ಒಂದಾದರೆ ನನಗೆ ಹಿಡಿಸಿದ್ದು ಇನ್ನೊಂದು. ಅಗ್ಗದ, ನಿಧಾನದ ಎರಡನೇ ದರ್ಜೆಯ ಕಾಗದ ಇನ್ನು ಶನಿವಾರ ಇಲ್ಲ, ಉಳಿದ ದಿನಗಳಲ್ಲೂ ದಿನ ಬಿಟ್ಟು ದಿನ. ಮೊದಲ ದರ್ಜೆಯ ಗುರಿ ಶೇ. 93ರಿಂದ 90ಕ್ಕೆ, ಎರಡನೆಯದರದ್ದು ಶೇ. 98.5ರಿಂದ 95ಕ್ಕೆ ಇಳಿಯಿತು. ಎಲ್ಲರೂ ಇದನ್ನೇ ಬೈದರು. ಆದರೆ ಅದೇ ಆದೇಶದಲ್ಲಿ ಹೊಸದೊಂದು ಷರತ್ತೂ ಇದೆ: ಶೇ. 99ರಷ್ಟು ಟಪಾಲು ಎರಡು ದಿನಕ್ಕಿಂತ ಹೆಚ್ಚು ತಡವಾಗಕೂಡದು. ದಾರಿಯಲ್ಲಿ ಕಳೆದುಕೊಂಡ ಕಾಗದವನ್ನು ಹುಡುಕಿ ಮುಟ್ಟಿಸಲು ಮೊದಲ ಸಲ ಒಂದು ಕಾರಣ ಹುಟ್ಟಿದೆ. ಜರ್ಮನಿಯ 2024ರ ಕಾನೂನೂ ಇದೇ ಜಾಡಿನದ್ದು, ಮೂರನೇ ಕೆಲಸದ ದಿನಕ್ಕೆ ಶೇ. 95, ನಾಲ್ಕನೇ ದಿನಕ್ಕೆ ಶೇ. 99. ನಿಧಾನವಾದರೂ ಪರವಾಗಿಲ್ಲ, ಇಂಥ ದಿನ ಅಂದರೆ ಇಂಥ ದಿನ ಬರಲಿ ಎನ್ನುವ ನನ್ನಂಥವರಿಗೆ ಇದು ಒಪ್ಪುವ ವ್ಯವಹಾರ. ಹಾಗಂತ ಗುರಿ ಇಳಿಸಿದ್ದಕ್ಕೇ ಎಲ್ಲ ಸರಿಹೋಗುತ್ತದೆ ಎಂದು ನಂಬಲಾರೆ. ಗುರಿ ತಪ್ಪಿದ್ದಕ್ಕೆ ಆಫ್‌ಕಾಮ್ ರಾಯಲ್ ಮೇಲ್‌ಗೆ 2023ರಲ್ಲಿ 56 ಲಕ್ಷ, 2024ರಲ್ಲಿ 1.05 ಕೋಟಿ, 2025ರಲ್ಲಿ 2.1 ಕೋಟಿ ಪೌಂಡ್ ದಂಡ ಹಾಕಿತು. ವರ್ಷವರ್ಷ ದಂಡ ಹತ್ತಿರಹತ್ತಿರ ದುಪ್ಪಟ್ಟಾಗುತ್ತಿದೆ ಎಂದರೆ ಅದಕ್ಕೆ ಯಾರೂ ಹೆದರುತ್ತಿಲ್ಲ ಎಂದೂ ಓದಿಕೊಳ್ಳಬಹುದು. ಆ ದುಡ್ಡು ಹೋಗುವುದೂ ಸರ್ಕಾರದ ಖಜಾನೆಗೆ, ಕಾಗದ ತಡವಾದವನಿಗಲ್ಲ.

ನಿಯಂತ್ರಣ ಇದ್ದರೆ ಸಾಕು ಎಂಬ ಭ್ರಮೆಯೂ ಬೇಡ. ಅಮೆರಿಕದಲ್ಲಿ 2006ರ ಕಾನೂನು ಕಾಗದದ ದರ ಹಣದುಬ್ಬರ ಮೀರದಂತೆ ಕಟ್ಟಿಹಾಕಿ, ಅದೇ ಉಸಿರಿನಲ್ಲಿ ಅಂಚೆ ಸಂಸ್ಥೆ ತನ್ನ ನೌಕರರ ನಿವೃತ್ತಿಯ ನಂತರದ ವೈದ್ಯಕೀಯ ಖರ್ಚಿಗೆ ವರ್ಷಕ್ಕೆ ಸುಮಾರು 550 ಕೋಟಿ ಡಾಲರ್ ಮುಂಗಡ ಕೂಡಿಡಬೇಕು ಎಂದಿತು. ಬೇರೆ ಇಲಾಖೆಗಳಿಗೆ ಹೀಗೊಂದು ಹೊರೆ ಇರಲಿಲ್ಲ. ಅದನ್ನು ಕೈಬಿಟ್ಟದ್ದು 2022ರಲ್ಲಿ. ಅಷ್ಟು ವರ್ಷ ಅಲ್ಲಿನ ಅಂಚೆಯ ನಷ್ಟ ತೋರಿಸಿ ಸರ್ಕಾರಿ ಸೇವೆ ಎಂದರೇ ಹೀಗೆ ಎಂದು ಬೈದವರಿಗೆ ಲೆಕ್ಕವೇ ಇಲ್ಲ.

ಪಾರ್ಸೆಲ್‌ಗೆ ಮೂರೂವರೆ ಯಾಕೆ ಎಂದರೆ ಇಲ್ಲಿ ಸ್ಪರ್ಧೆ ನಿಜಕ್ಕೂ ಕೆಲಸ ಮಾಡಿದೆ. ಟ್ರ್ಯಾಕಿಂಗ್, ಹೊತ್ತು ಆರಿಸಿಕೊಳ್ಳುವ ಸೌಕರ್ಯ, ರಾತ್ರಿ ಹೋಗಿಯೂ ತೆಗೆದುಕೊಳ್ಳಬಹುದಾದ ಲಾಕರು, ಇವೆಲ್ಲ ಕೊರಿಯರಿನವರ ಪೈಪೋಟಿಯಿಂದ ಬಂದವು. ಹಳೆಯ ಅಂಚೆ ಸಂಸ್ಥೆಗಳು ಹಿಂದೆ ಬಿದ್ದರೆ ಕೆಟ್ಟೆವು ಅಂತ ಓಡಿಬಂದು ಸೇರಿಕೊಂಡವು. ಕಳಿಸುವವನಾಗಿ ನನಗೆ ಇದರಲ್ಲಿ ದೂರು ಕಡಿಮೆ. ತರಿಸಿಕೊಳ್ಳುವವನಾಗಿ ಬೇರೆ ಕತೆ. ಕೊರಿಯರನ್ನು ಆರಿಸುವವನು ಮಾರುವವನು, ಅವನು ಮೊದಲು ನೋಡುವುದು ದರ. ಅದರ ಫಲ ಉಣ್ಣುವವನು ನಾನು. "ಬಟವಾಡೆಯಾಗಿದೆ" ಎಂಬ ಸಂದೇಶದ ಜೊತೆ ಒಮ್ಮೆ ಫೋಟೊ ಬಂತು: ಹಸಿರು ಬಾಗಿಲು, ಮುಂದೆ ಕಾಲೊರೆಸು, ಅದರ ಮೇಲೆ ನನ್ನ ಪೊಟ್ಟಣ. ನಮ್ಮ ಬಾಗಿಲು ಹಸಿರಲ್ಲ. ಕೊರಿಯರಿನವರು ಕಳಿಸಿದವರನ್ನು ಕೇಳಿ ಎಂದರು, ಕಳಿಸಿದವರು ಕೊರಿಯರಿನವರನ್ನು ಕೇಳಿ ಎಂದರು, ಕೊರಿಯರಿನ ಚಾಟ್‌ಬಾಟ್ ಟ್ರ್ಯಾಕಿಂಗ್ ನಂಬರು ಕೇಳಿ ಅದೇ ಫೋಟೊವನ್ನು ಮತ್ತೆ ಕಳಿಸಿತು. ಕೊರಿಯರಿನೊಂದಿಗೆ ಕರಾರು ಇರುವುದು ಮಾರುವವನದ್ದು, ನನ್ನದಲ್ಲ. ಕಾಗದಕ್ಕೆ ದಿನದ ಗುರಿ, ಅಳತೆ, ದಂಡ ಎಲ್ಲ ಇಟ್ಟ ನಿಯಂತ್ರಕರು, ಎಲ್ಲರೂ ಹೆಚ್ಚು ಬಳಸುವ ಪಾರ್ಸೆಲ್ ವಿಚಾರದಲ್ಲಿ ಮಾರುಕಟ್ಟೆ ನೋಡಿಕೊಳ್ಳುತ್ತದೆ ಎಂದು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಐದರಲ್ಲಿ ಉಳಿದ ಒಂದೂವರೆ ಅಂಕ ಹೋದದ್ದು ಇಲ್ಲಿ.

ಗಡಿಯಾಚೆಯ ಪೊಟ್ಟಣಗಳ ದರ ಮಾತ್ರ ಮೊದಲಿಗಿಂತ ತಿಳಿಯಾಗಿದೆ. ಯುರೋಪಿಯನ್ ಒಕ್ಕೂಟದ 2018ರ ನಿಯಮದ ಪ್ರಕಾರ ದೊಡ್ಡ ಕಂಪನಿಗಳು ಬಿಡಿ ಪಾರ್ಸೆಲ್ಲಿನ ದರವನ್ನು ನಿಯಂತ್ರಕರಿಗೆ ಒಪ್ಪಿಸಬೇಕು, ಅದು ವರ್ಷವರ್ಷ ಪ್ರಕಟವಾಗುತ್ತದೆ. ಪುಸ್ತಕ ಕಳಿಸುವ ಮೊದಲು ನಾನು ಈ ಪಟ್ಟಿ ತೆರೆದು ನೋಡುತ್ತೇನೆ. ಇಲ್ಲಿಂದ ಅಲ್ಲಿಗೆ ಒಂದು ದರ, ಅಲ್ಲಿಂದ ಇಲ್ಲಿಗೆ ಇನ್ನೊಂದು, ತೂಕ ಮಾತ್ರ ಅದೇ. ಸಾಗರದಾಚೆಯಿಂದ ಬರುವ ಪುಟ್ಟ ಪೊಟ್ಟಣ ಪಕ್ಕದೂರಿನದ್ದಕ್ಕಿಂತ ಅಗ್ಗವಾಗಿದ್ದ ಕಾಲವೂ ಇತ್ತು. ಬೇರೆ ದೇಶದ ಟಪಾಲು ಹಂಚಿಕೊಟ್ಟದ್ದಕ್ಕೆ ಕಳಿಸಿದ ದೇಶ ಕೊಡಬೇಕಾದ ದುಡ್ಡನ್ನು, ದೇಶದೇಶಗಳ ನಡುವಿನ ಅಂಚೆಗೆ ನಿಯಮ ಮಾಡುವ ವಿಶ್ವ ಅಂಚೆ ಒಕ್ಕೂಟ ಕೆಲವು ದೇಶಗಳಿಗೆ ತೀರಾ ಕಮ್ಮಿ ಇಟ್ಟಿತ್ತು. ಇದು ಸರಿಹೋಗದಿದ್ದರೆ ಈ ಅಂಚೆ ಒಕ್ಕೂಟವನ್ನೇ ಬಿಡುತ್ತೇನೆಂದು ಅಮೆರಿಕ ಪಟ್ಟು ಹಿಡಿದ ಮೇಲೆ 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ಸಭೆ ಸೇರಿ ದರ ಬದಲಿಸಿದರು.

ಡೆನ್ಮಾರ್ಕಿನ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. 1624ರಿಂದ ನಡೆದುಬಂದ ಅಂಚೆಯ ವಾರಸುದಾರ ಪೋಸ್ಟ್‌ನಾರ್ಡ್ ಅಲ್ಲಿ 2025ರ ಡಿಸೆಂಬರ್ 30ಕ್ಕೆ ಕಾಗದ ಹಂಚುವುದನ್ನೇ ನಿಲ್ಲಿಸಿತು. 2000ನೇ ಇಸವಿಯಿಂದೀಚೆಗೆ ಶೇ. 90ಕ್ಕೂ ಹೆಚ್ಚು ಕಾಗದ ಕಮ್ಮಿಯಾಗಿತ್ತು, ಎಲ್ಲರಿಗೂ ಸೇವೆ ಕೊಡಲೇಬೇಕು ಎಂಬ ಕಟ್ಟುಪಾಡನ್ನು 2024ರ ಆರಂಭದಲ್ಲೇ ತೆಗೆದಿದ್ದರು. ಈಗ ಡಾವೊ ಎಂಬ ಖಾಸಗಿ ಕಂಪನಿ ಕಾಗದವನ್ನೂ ಹಂಚುತ್ತದೆ, ಬೀದಿಯ ಕೆಂಪು ಪೆಟ್ಟಿಗೆ ಇಲ್ಲ. ಎಲ್ಲರೂ ಮರುಗಿದರು. ನನಗೆ ಅಷ್ಟೇನೂ ಬೇಜಾರಾಗಲಿಲ್ಲ. ಸಣ್ಣ ದ್ವೀಪಗಳಿಗೂ ಅಂಧರಿಗೆ ಹೋಗುವ ಟಪಾಲಿಗೂ ಸರ್ಕಾರವೇ ಟೆಂಡರು ಕರೆದು ದುಡ್ಡು ಕೊಡುತ್ತದೆ. ಬೇಕಾದ ಸೇವೆ ಇದು, ಅದರ ಬೆಲೆ ಇಷ್ಟು ಎಂದು ಲೆಕ್ಕ ಬಯಲಿಗಿಡುವುದು, ಕಂಪನಿಯ ಮೇಲೆ ಹೊರೆ ಹಾಕಿ ಅದು ಸದ್ದಿಲ್ಲದೆ ಸೇವೆ ಕಡಿಯುವುದನ್ನು ನೋಡುತ್ತ ಕೂರುವುದಕ್ಕಿಂತ ಮೇಲು. ದ್ವೀಪವೂ ಅಲ್ಲದ, ಪಟ್ಟಣವೂ ಅಲ್ಲದ, ಅಂತರ್ಜಾಲದಲ್ಲಿ ಪತ್ರ ಬರುವ ಡಿಜಿಟಲ್ ಪೆಟ್ಟಿಗೆ ತೆರೆಯಲು ಬಾರದ ವಯಸ್ಸಾದವರು ಏನು ಮಾಡುತ್ತಾರೆ ಎನ್ನುವುದಷ್ಟೇ ನನ್ನ ತಕರಾರು.

ಸದ್ಯಕ್ಕೆ ನನ್ನ ರೂಢಿ ಹೀಗಿದೆ. ಗಡುವಿರುವ ದಾಖಲೆಗೆ ಸಹಿ ಪಡೆದು ಕೊಡುವ ಸೇವೆ, ದುಬಾರಿಯಾದರೂ ಸರಿ. ಪುಸ್ತಕಕ್ಕೆ ಅತ್ಯಂತ ನಿಧಾನದ ದರ. ಪೊಟ್ಟಣ ತರಿಸುವಾಗ ಯಾವ ಕೊರಿಯರು ಎಂದು ಮೊದಲೇ ಹೇಳುವ ಮಾರಾಟಗಾರ, ಇಲ್ಲವಾದರೆ ಲಾಕರು. ಹೊಸ ದೇಶದ ಅಂಚೆ ಬಳಸುವ ಮುಂಚೆ ದರಪಟ್ಟಿಗಿಂತ ಮೊದಲು ಅಲ್ಲಿನ ನಿಯಂತ್ರಕರ ಪುಟ ತೆರೆದು, ತಡವಾದ ಕಾಗದದ ಲೆಕ್ಕ ಇಡುತ್ತಾರೋ ಇಲ್ಲವೋ ನೋಡುತ್ತೇನೆ. ಇಡದಿದ್ದರೆ ಮುಖ್ಯವಾದದ್ದನ್ನು ಅಲ್ಲಿಗೆ ಕಾಗದದಲ್ಲಿ ಕಳಿಸುವುದಿಲ್ಲ.